ನಶ್ಯ, ಬಂದೂಕು ಮತ್ತು ಅಮ್ಮನ ಎಡಗಣ್ಣು

ನಮ್ಮ ಭಾವನಿಗೆ ಕಾನೂನು ಚೆನ್ನಾಗಿ ಗೊತ್ತು ಎಂದು ಯಾರು ಹೇಳಿದರು ಅಂತ ವಿಚಾರಿಸುತ್ತಾ ಹೋದರೆ ಕೊನೆಗೆ ಸಿಗುವವರು ನಮ್ಮ ಭಾವನೇ. ಅವರು ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟು. ಬೆಳಗಿನಿಂದ ಸಂಜೆಯವರೆಗೆ 'ಮೇಲ್ಕಂಡ', 'ತತ್ಸಂಬಂಧ', 'ಸದರಿ' ಎಂದು ಕುಟ್ಟಿ ಕುಟ್ಟಿ ಆ ಪದಗಳು ಬೆರಳಿನಿಂದ ನಾಲಿಗೆಗೆ ಹತ್ತಿಕೊಂಡಿವೆ. ಊಟಕ್ಕೆ ಕೂತರೂ "ಸದರಿ ಅನ್ನಕ್ಕೆ ಉಪ್ಪು ಬಿದ್ದಿರುವುದಿಲ್ಲ" ಎನ್ನುತ್ತಾರೆ. "ಸದರಿ ಉಪ್ಪು ನಿಮ್ಮ ಎಡಗೈ ಪಕ್ಕದಲ್ಲೇ ಇದೆ, ಹಾಕ್ಕೊಳ್ಳಿ" ಎನ್ನುತ್ತಾಳೆ ನನ್ನ ಅಕ್ಕ. ಕಟ್ಟಡದವರು ಅವರಿಗೆ ಇಟ್ಟ ಹೆಸರು 'ಕಾಯ್ದೆ'. ಎದುರಿಗೆ ಕಾಯ್ದೆ ಸಾಹೇಬ್ರು, ಬೆನ್ನ ಹಿಂದೆ ಬರೀ ಕಾಯ್ದೆ.

ನಾನು ದರ್ಜಿ. ಆ ನಾಲ್ಕು ಮಹಡಿಯ ಕಟ್ಟಡದ ಕೆಳಗೆ ನನ್ನ ಅಂಗಡಿ, ಪಕ್ಕದಲ್ಲಿ ಕ್ಷೌರದ ಅಂಗಡಿ. ಮೊದಲನೇ ಮಹಡಿಯಲ್ಲಿ ಅಕ್ಕ, ಭಾವ, ಅವರ ಜೊತೆ ನಮ್ಮ ಅಮ್ಮ. ಕಟ್ಟಡದ ಸಂಘಕ್ಕೆ ಭಾವನೇ ಕಾರ್ಯದರ್ಶಿ. ಆಯ್ಕೆಯ ದಿನ "ಯಾರಾಗ್ತೀರಿ?" ಎಂದಾಗ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಭಾವ ಒಬ್ಬರೇ ತಲೆ ಎತ್ತಿದ್ದರು, ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ನೋಡುವುದಕ್ಕೆ. ಹಾಗೆ ಆಯ್ಕೆಯಾದವರು ಅವರು.

ಎಲ್ಲಾ ಶುರುವಾದದ್ದು ಕ್ಷೌರದ ಅಂಗಡಿಯಲ್ಲಿ. ಪೇಪರಿನಲ್ಲಿ ಸುದ್ದಿ ಬಂದಿತ್ತು: ಮಾದಕ ವಸ್ತುಗಳನ್ನೂ ಬಂದೂಕುಗಳನ್ನೂ ಒಟ್ಟಿಗೇ ನಿಷೇಧಿಸಬೇಕು ಅಂತ ಯಾವುದೋ ದೊಡ್ಡ ಸಭೆಯಲ್ಲಿ ಚರ್ಚೆಯಂತೆ. ನಾನು ಸೂಜಿಗೆ ದಾರ ಪೋಣಿಸಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಮಾದಕ ವಸ್ತು ನಿಷೇಧ ಆಗೋ ಮಾತಲ್ಲ ಬಿಡಿ," ಎಂದ ಕ್ಷೌರಿಕ, ಕತ್ತರಿ ಆಡಿಸುತ್ತಾ. "ಮಾರೋನಿಗೂ ಬೇಕು, ಕೊಳ್ಳೋನಿಗೂ ಬೇಕು. ಇಬ್ರೂ ಖುಷಿಯಾಗಿರೋವಾಗ ದೂರು ಕೊಡೋರ್ಯಾರು? ಬಂದೂಕಿನ ಕಥೆ ಬೇರೆ. ಗುಂಡು ತಿಂದೋನು ಸುಮ್ನಿರ್ತಾನಾ?"

ಕುರ್ಚಿಯಲ್ಲಿ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರು ಮೂರನೇ ಮಹಡಿಯ ನಿವೃತ್ತ ಸುಬೇದಾರರು. ಅವರು ನೊರೆಯ ಸಮೇತ ತಿರುಗಿದರು. "ಉಲ್ಟಾ ಹೇಳ್ತಿದ್ದೀಯ. ಬಂದೂಕು ನಿಷೇಧ ಅಂದ ತಕ್ಷಣ ಮರ್ಯಾದಸ್ತ ತಂದು ಒಪ್ಪಿಸ್ತಾನೆ. ಕಳ್ಳ ಒಪ್ಪಿಸ್ತಾನಾ? ಆಮೇಲೆ ಮರ್ಯಾದಸ್ತ ಕಳ್ಳನ ಮುಂದೆ ಪೊರಕೆ ಹಿಡ್ಕೊಂಡು ನಿಲ್ಬೇಕಾ?"

ಇಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಹಾಗಾಗಿ ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಊಟಕ್ಕೆ ಹೋಗಬಹುದಿತ್ತು. ಆದರೆ ಬೆಂಚಿನ ಮೇಲಿದ್ದ ಭಾವ ಪೇಪರು ಮಡಚಿದರು. ಅವರು ಪೇಪರು ಮಡಚಿದರು ಎಂದರೆ ತೀರ್ಪು ಬರುತ್ತದೆ ಎಂದರ್ಥ.

"ಎರಡಕ್ಕೂ ಒಂದೇ ಮದ್ದು. ನಿಷೇಧ ಅಂದ್ರೆ ನಿಷೇಧ. ಅದು ಪುಡಿನಾ, ಪಿಸ್ತೂಲಾ ಅಂತ ಕಾನೂನು ನೋಡಲ್ಲ. ಬಿಗಿಯಾಗಿ ಹಾಕ್ಬೇಕು ಅಷ್ಟೆ. ನನ್ನ ಕೈಗೆ ಒಂದು ಊರಲ್ಲ, ಒಂದು ಕಟ್ಟಡ ಕೊಡಿ, ಮಾಡಿ ತೋರಿಸ್ತೀನಿ."

"ಕಟ್ಟಡ ನಿಮ್ಮ ಕೈಲೇ ಇದೆಯಲ್ಲ ಸ್ವಾಮಿ," ಎಂದ ಕ್ಷೌರಿಕ.

ಭಾವ ಪೇಪರು ಬಗಲಲ್ಲಿಟ್ಟುಕೊಂಡು ಹೊರಟುಬಿಟ್ಟರು. ಆದರೆ ಆ ಮಾತು ಅವರ ತಲೆಯೊಳಗೆ ಹೋಗಿ ಚಿಲಕ ಹಾಕಿಕೊಂಡಿತ್ತು.

ಅದೇ ಸಂಜೆ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅಮ್ಮನ ಬಲಗಣ್ಣು ಎಂದೋ ಹೋಗಿದೆ. ಉಳಿದದ್ದು ಎಡಗಣ್ಣು ಒಂದು, ಅದಕ್ಕೂ ಪೊರೆ ಬಂದು ಅಮ್ಮ ನನ್ನನ್ನು ಅಕ್ಕ ಎಂದೂ, ಅಕ್ಕನನ್ನು ಬಾಗಿಲು ಎಂದೂ ತಿಳಿಯುವ ಸ್ಥಿತಿಗೆ ಬಂದಿದ್ದಳು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ ಹೇಳಿದರು: "ಆಪರೇಷನ್ ಮಾಡೋಣ. ಆದ್ರೆ ಆಮೇಲೆ ಒಂದು ವಾರ ಸೀನಬಾರ್ದು, ಬೆಚ್ಚಿಬೀಳಬಾರ್ದು. ಜೋರಾಗಿ ಸೀನಿದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ. ಅಜ್ಜಿಗೆ ನಶ್ಯದ ಅಭ್ಯಾಸ ಇದೆ ಅನ್ಸುತ್ತಲ್ಲ?"

ಅನಿಸುವುದೇನು ಬಂತು! ಅಮ್ಮನ ಮೂಗಿನ ಬಣ್ಣವೇ ಹೇಳುತ್ತಿತ್ತು. ನಾನು ಹುಟ್ಟುವ ಮೊದಲಿನಿಂದ ಅಮ್ಮ ನಶ್ಯ ಏರಿಸುತ್ತಿದ್ದಾಳೆ. ಹೊಲಿಗೆ ಬಿಟ್ಟುಕೊಂಡರೆ ಏನಾಗುತ್ತದೆ ಎಂದು ದರ್ಜಿಯಾದ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಗಂಡನ ಕಡೆ ತಿರುಗಿದಳು. "ರೀ, ದಿನಾ ಅಮ್ಮನಿಗೆ ನಶ್ಯ ತಂದುಕೊಡೋರು ನೀವು. ಇರೋ ಒಂದು ಕಣ್ಣಿಗೆ ಏನಾದ್ರೂ ಆಯ್ತೋ, ನಾನು ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ."

"ಚಿಂತೆ ಬಿಡು," ಎಂದರು ಭಾವ. "ಸದರಿ ಕಟ್ಟಡದಲ್ಲಿ ನಾಳೆಯಿಂದ ನಶ್ಯದ ಒಂದು ಕಣ ಇರಲ್ಲ, ಬಂದೂಕಿನ ಒಂದು ಸದ್ದು ಇರಲ್ಲ."

"ಬಂದೂಕು ಯಾಕೆ?"

"ಬೆಚ್ಚಿಬೀಳಬಾರ್ದು ಅಂದ್ರಲ್ಲ!"

ಮರುದಿನ ಮೆಟ್ಟಿಲ ಬುಡದ ಗೋಡೆಗೆ ಆಜ್ಞೆ ಅಂಟಿತು. ಟೈಪು ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಮೇಲ್ಕಂಡ ಕಟ್ಟಡದಲ್ಲಿ ನಶ್ಯವನ್ನು ಇಡುವುದು, ಏರಿಸುವುದು, ಏರಿಸುವಂತೆ ಪ್ರೇರೇಪಿಸುವುದು ಹಾಗೂ ಏರಿಸುವವರ ಸಮೀಪ ನಿಂತು ಮೂಗರಳಿಸುವುದು ನಿಷೇಧ. ಬಂದೂಕನ್ನು ಇಡುವುದು, ಹಾರಿಸುವುದು ಹಾಗೂ ಹಾರಿಸುವವರಂತೆ ಒಂದು ಕಣ್ಣು ಮುಚ್ಚುವುದು ನಿಷೇಧ. ತಪ್ಪಿದಲ್ಲಿ ಸೂಕ್ತ ಕ್ರಮ. ಸೂಕ್ತ ಕ್ರಮ ಎಂದರೆ ಯಾವ ಕ್ರಮ ಎಂದು ನಾನು ಕೇಳಿದೆ. "ಅದನ್ನ ಹೇಳ್ಬಿಟ್ರೆ ಹೆದರಿಕೆ ಎಲ್ಲಿ ಉಳಿಯುತ್ತೆ?" ಎಂದರು ಭಾವ. ಅವರಿಗೂ ಗೊತ್ತಿರಲಿಲ್ಲ ಎಂಬುದು ನನ್ನ ಅನುಮಾನ.

ಇಲ್ಲಿ ಒಂದು ಮಾತು. ಆಜ್ಞೆ ಬರುವವರೆಗೆ ಇಡೀ ಕಟ್ಟಡದಲ್ಲಿ ನಶ್ಯ ಏರಿಸುತ್ತಿದ್ದ ಮೂಗುಗಳು ಎರಡೇ: ಒಂದು ಅಮ್ಮನದು, ಇನ್ನೊಂದು ಎರಡನೇ ಮಹಡಿಯ ಬ್ಯಾಂಕ್ ಮ್ಯಾನೇಜರದು. ಆಜ್ಞೆ ಬಂದ ಮಧ್ಯಾಹ್ನವೇ ಮ್ಯಾನೇಜರು ಪೈಜಾಮ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಇದಕ್ಕೊಂದು ಒಳಜೇಬು ಹಾಕ್ಕೊಡಪ್ಪ. ಹೊರಗಿನಿಂದ ಗೊತ್ತಾಗಬಾರ್ದು."

"ಏನಿಡೋಕೆ ಸಾರ್?"

"ಏಲಕ್ಕಿ."

ಏಲಕ್ಕಿಗೆ ಯಾಕೆ ಡಬ್ಬಿಯ ಅಳತೆ ಕೊಡುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಗಿರಾಕಿಯ ಜೇಬಿನೊಳಗೆ ಕೈ ಹಾಕುವುದು ದರ್ಜಿಯ ಕೆಲಸ, ತಲೆ ಹಾಕುವುದಲ್ಲ.

ಮ್ಯಾನೇಜರ ಹಿಂದೆಯೇ ನಾಲ್ಕನೇ ಮಹಡಿಯ ಸಂಗೀತದ ಟೀಚರು ಬಂದರು. ಹಾಲು ಕುಡಿದರೂ ಗಂಟಲು ಕೆಡುತ್ತದೆ ಎನ್ನುವ ಮಹಾಸಾಧ್ವಿ. "ನಂಗೂ ಒಂದು ಚಿಕ್ಕ ಜೇಬು ಬೇಕಿತ್ತು," ಎಂದರು, ನೆಲ ನೋಡುತ್ತಾ. "ನಾನು ಯಾವತ್ತೂ ಮುಟ್ಟಿದೋಳಲ್ಲ. ಆದ್ರೆ ಇಷ್ಟು ದೊಡ್ಡ ಆಜ್ಞೆ ಹೊರಡಿಸಿದ್ದಾರೆ ಅಂದ್ರೆ ಅದ್ರಲ್ಲಿ ಏನೋ ಇರ್ಬೇಕಲ್ವಾ?" ಆಮೇಲೆ ಯಾರು ಬಂದರು, ಯಾರು ಬರಲಿಲ್ಲ ಎಂದು ಕೇಳಬೇಡಿ. ತೋಳಿನ ಮಡಿಕೆಯಲ್ಲಿ ಜೇಬು, ಕಾಲರಿನ ಕೆಳಗೆ ಜೇಬು, ಟೋಪಿಯೊಳಗೆ ಜೇಬು. ಇಷ್ಟು ವರ್ಷ ಹೊಲಿದ ನನಗೆ ಮನುಷ್ಯನ ಮೈಮೇಲೆ ಇಷ್ಟು ಗುಟ್ಟಿನ ಜಾಗಗಳಿವೆ ಎಂದು ತಿಳಿದದ್ದು ಭಾವನ ಆಜ್ಞೆಯಿಂದಲೇ.

ನಶ್ಯ ಬಕೆಟ್ಟಿನಲ್ಲಿ ಕೂತು ಬಾಲ್ಕನಿಯಿಂದ ಬಾಲ್ಕನಿಗೆ ಹಗ್ಗದ ಮೇಲೆ ಓಡಾಡತೊಡಗಿತು. ಭಾವ ಮೆಟ್ಟಿಲು ಹತ್ತುವುದು ಕಂಡರೆ ಸಂಗೀತದ ಟೀಚರು ಮೇಲಿನ ಸ್ವರದಲ್ಲಿ ಹಾಡಲು ಶುರುಮಾಡುತ್ತಿದ್ದರು, ಅದು ಎಚ್ಚರಿಕೆ. ಮೊದಲು ಮೌನವಾಗಿದ್ದ ಕಟ್ಟಡ ಈಗ ಬೆಳಗಿನಿಂದ ಸಂಜೆಯವರೆಗೆ ಸೀನುತ್ತಿತ್ತು. ಎರಡನೇ ಮಹಡಿಯಲ್ಲಿ ಸೀನು ಕೇಳಿಸಿ, ಆಫೀಸಿಗೆ ರಜೆ ಹಾಕಿ ಕೂತಿದ್ದ ಭಾವ ಓಡಿದರೆ ನಾಲ್ಕನೆಯದರಲ್ಲಿ ಕೇಳಿಸುತ್ತದೆ. ಅಲ್ಲಿಗೆ ಏದುಸಿರು ಬಿಡುತ್ತಾ ಹೋದರೆ ಕೆಳಗೆ. ಬಾಗಿಲು ತಟ್ಟಿದರೆ ಪ್ರತಿ ಮನೆಯಲ್ಲೂ ಒಂದೇ ಉತ್ತರ: "ನೆಗಡಿ ಸಾಹೇಬ್ರೇ."

"ನೆಗಡಿ ಬಂತೂಂತ ಮೂಗು ಕೊಯ್ಕೊಂಡ್ರಂತೆ. ನಿಮ್ಮ ಆಜ್ಞೆ ಹಾಗಾಯ್ತು ಭಾವ," ಎಂದೆ.

"ಇದು ಆರಂಭದ ಪ್ರತಿರೋಧ," ಎಂದರು ಭಾವ, ಬೆವರು ಒರೆಸಿಕೊಳ್ಳುತ್ತಾ. "ಬಿಗಿ ಸಾಲದು. ಇನ್ನೂ ಬಿಗಿ ಮಾಡ್ತೀನಿ."

ಬಿಗಿ ಮಾಡಿದರು. ಕೈಗೆ ಸಿಕ್ಕ ಡಬ್ಬಿಗಳನ್ನೆಲ್ಲ ವಶಪಡಿಸಿಕೊಂಡರು. ವಶಪಡಿಸಿಕೊಂಡದ್ದನ್ನು ಸುರಕ್ಷಿತವಾಗಿ ಇಡಬೇಕಲ್ಲ? ಹೊರಗಿನವರು ಯಾರೂ ಕಾಲಿಡದ ಕೋಣೆ, ಬೀಗ ಇರುವ ಬೀರು ಎಲ್ಲಿದೆ ಎಂದು ಬಹಳ ಯೋಚಿಸಿ, ಕೊನೆಗೆ ಎಲ್ಲವನ್ನೂ ತಂದು ಅಮ್ಮನ ಕೋಣೆಯ ಬೀರುವಿನಲ್ಲಿ ತುಂಬಿದರು. ಕೀಲಿ ಕಳೆದುಹೋಗಬಾರದೆಂದು ಅಮ್ಮನ ದಿಂಬಿನ ಕೆಳಗೇ ಇಟ್ಟರು.

"ಭಾವ, ಯಾರಿಗೋಸ್ಕರ ಈ ನಿಷೇಧ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಗಲ್ವಾ?"

"ಅತ್ತೆಗೆ ಕಣ್ಣು ಕಾಣಲ್ಲ. ಕಾಣದವರ ಮುಂದೆ ಇಟ್ಟ ವಸ್ತು ಕಾನೂನು ಪ್ರಕಾರ ಇಟ್ಟ ಹಾಗಲ್ಲ."

"ಮೂಗು ಇದೆಯಲ್ಲ?"

"ಮೂಗಿಗೆ ಸಾಕ್ಷಿ ಹೇಳೋ ಅಧಿಕಾರ ಇಲ್ಲ."

ಆಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ವಶಕ್ಕೆ ಬಂದದ್ದು ನಿಜವಾಗಿ ನಶ್ಯವೋ ಅಥವಾ ಕಾಫಿಪುಡಿಯೋ ಎಂದು ಭಾವ ಒಂದೊಂದು ಡಬ್ಬಿಯನ್ನೂ ಪರೀಕ್ಷೆ ಮಾಡುತ್ತಿದ್ದರು. ಕರ್ತವ್ಯವಲ್ಲವೇ! ಮೊದಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಒಂದು ದಿನ ಅಂಗಡಿಗೆ ಬಂದು, ಅತ್ತ ಇತ್ತ ನೋಡಿ, "ನನ್ನ ಅಂಗಿಗೂ ಒಂದು ಒಳಜೇಬು ಹಾಕಯ್ಯ. ಸಾಕ್ಷ್ಯ ಇಟ್ಕೊಳ್ಳೋಕೆ" ಎಂದರು. ಹೇಳುವಾಗ ಎರಡು ಸಲ ಸೀನಿದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಎಂದುಕೊಂಡು ನಾನು ಅಳತೆ ತೆಗೆದುಕೊಂಡೆ.

ಇನ್ನು ಬಂದೂಕು. ಕಟ್ಟಡದಲ್ಲಿ ಇದ್ದದ್ದು ಎರಡು ಏರ್‌ಗನ್. ಒಂದು ಸುಬೇದಾರರದು, ಪಾರಿವಾಳ ಹೆದರಿಸುವುದಕ್ಕೆ. ಇನ್ನೊಂದು ಅವರ ಎದುರು ಬಾಗಿಲಿನ ಕಾಂಟ್ರಾಕ್ಟರದು. ಯಾಕೆ ಎಂದು ಕೇಳಿದರೆ "ಎದುರು ಮನೇಲಿ ಇದೆಯಲ್ಲ" ಎನ್ನುವುದು ಬಿಟ್ಟು ಬೇರೆ ಕಾರಣ ಅವರಲ್ಲಿರಲಿಲ್ಲ. ಇಬ್ಬರ ನಡುವೆ ಪಾರಿವಾಳದ ಹಿಕ್ಕೆ ಯಾರ ಬಾಗಿಲಿಗೆ ಬೀಳುತ್ತದೆ ಎಂಬ ಬಗ್ಗೆ ಹಳೆಯ ವೈಮನಸ್ಯ.

ನಶ್ಯಕ್ಕೆ ಜೇಬು ಹೊಲಿಸಿಕೊಂಡವರು ಅಷ್ಟೊಂದು ಜನ. ಬಂದೂಕಿಗೆ ಚೀಲ ಹೊಲಿದುಕೊಡು ಎಂದು ಈ ಇಬ್ಬರಲ್ಲಿ ಒಬ್ಬರೂ ಬರಲಿಲ್ಲ. ಬದಲಿಗೆ, ಇಷ್ಟು ದಿನ ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ಸುಬೇದಾರರ ಬಂದೂಕು ಆಜ್ಞೆ ಬಂದ ದಿನ ಬಾಲ್ಕನಿಯ ಕಂಬಿಗೆ ಬಂದು ಒರಗಿತು. ಸಂಜೆಯೊಳಗೆ ಕಾಂಟ್ರಾಕ್ಟರದೂ ಕಿಟಕಿಗೆ ಬಂತು. ನಶ್ಯವನ್ನು ಯಾರೂ ನೋಡಬಾರದು, ಬಂದೂಕನ್ನು ಮಾತ್ರ ಎಲ್ಲರೂ ನೋಡಬೇಕು. ಯಾರೂ ನೋಡದ ಬಂದೂಕಿಗೆ ಹೆದರುವವರು ಯಾರು ಹೇಳಿ? ಒಂದೇ ಆಜ್ಞೆಗೆ ಒಂದು ಒಳಗೆ ಹೋಯಿತು, ಇನ್ನೊಂದು ಹೊರಗೆ ಬಂತು. ಇದನ್ನು ಭಾವನಿಗೆ ಹೇಳಿದೆ. "ದರ್ಜಿಗಳು ಕಾನೂನು ಮಾತಾಡಬಾರ್ದು" ಎಂದರು.

ಸುಬೇದಾರರ ಮನೆಗೆ ಹೋದರೆ, "ಕೊಡ್ತೀನ್ರೀ ಕಾರ್ಯದರ್ಶಿಗಳೇ. ಈ ಕ್ಷಣ ಕೊಡ್ತೀನಿ. ಅವನು ಮೊದಲು ಕೊಡ್ಲಿ."

ಎದುರು ಮನೆಗೆ ಹೋದರೆ, "ನಂದೇನೂ ಅಭ್ಯಂತರ ಇಲ್ಲ ಸಾರ್. ಅವ್ರು ದೊಡ್ಡೋರು, ಅವ್ರೇ ಮೊದಲು ಕೊಡ್ಲಿ."

ಕೊನೆಗೆ ಇಬ್ಬರೂ ಮೂರನೇ ಮಹಡಿಯ ಮೆಟ್ಟಿಲ ಬಳಿ ಒಟ್ಟಿಗೆ ಒಪ್ಪಿಸುವುದು ಎಂದು ತೀರ್ಮಾನವಾಯಿತು. ನಾನು ಸಾಕ್ಷಿ. ಭಾವ ನಡುವೆ ನಿಂತು ಎರಡು ಕೈಯಲ್ಲೂ ಒಂದೊಂದು ನಳಿಕೆ ಹಿಡಿದುಕೊಂಡರು.

"ಮೂರು ಅಂದ ತಕ್ಷಣ ಇಬ್ರೂ ಕೈ ಬಿಡ್ಬೇಕು. ಒಂದು. ಎರಡು. ಮೂರು!"

ಒಬ್ಬರೂ ಬಿಡಲಿಲ್ಲ. ಭಾವ ಎಳೆದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಸುಬೇದಾರರು ತಮ್ಮ ಬಾಗಿಲಿಗೂ ಕಾಂಟ್ರಾಕ್ಟರು ತಮ್ಮ ಬಾಗಿಲಿಗೂ ಎಳೆದುಕೊಂಡು ಹೋದರು. ನಡುವೆ ಕೈ ಚಾಚಿಕೊಂಡ ಭಾವ ಒಗೆದು ಒಣಗಲು ಹಾಕಿದ ಅಂಗಿಯಾಗಿದ್ದರು.

"ನೀವು ಬಿಡ್ಲಿಲ್ಲ!" ಎಂದರು ಸುಬೇದಾರರು.

"ನೀವು ಬಿಡಲ್ಲ ಅಂತ ಗೊತ್ತಿತ್ತು, ಅದಕ್ಕೇ ನಾನೂ ಬಿಡ್ಲಿಲ್ಲ!" ಎಂದರು ಕಾಂಟ್ರಾಕ್ಟರು.

ಆ ಜಗ್ಗಾಟದ ಮೇಲೆ, ಭಾವ ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂದು ಇಬ್ಬರೂ ಬಂದೂಕನ್ನು ಮನೆಯೊಳಗೆ ಇಟ್ಟುಕೊಂಡರು. ಆಪರೇಷನ್ ದಿನ ಹತ್ತಿರ ಬಂದುಬಿಟ್ಟಿತ್ತು. ಅಕ್ಕ ದಿನಕ್ಕೊಂದು ಸಲ "ಬಂದೂಕು ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದಳು. ಆಗ ಭಾವ ತಮ್ಮ ಜೀವನದ ಅತ್ಯುತ್ತಮ ಉಪಾಯ ಮಾಡಿದರು. ಸುಬೇದಾರರ ಕಿವಿಯಲ್ಲಿ, "ಕಾಂಟ್ರಾಕ್ಟರು ಗುಟ್ಟಾಗಿ ನಿನ್ನೇನೇ ಕೊಟ್ಬಿಟ್ರು. ನಿಮಗೆ ಹೆದರಿ" ಎಂದರು. ಕಾಂಟ್ರಾಕ್ಟರ ಕಿವಿಯಲ್ಲಿ, "ಸುಬೇದಾರರು ಗುಟ್ಟಾಗಿ ಕೊಟ್ಬಿಟ್ರು. ಪಾಪ, ವಯಸ್ಸಾಯ್ತು" ಎಂದರು. ಎರಡೂ ಬಂದೂಕು ಅದೇ ದಿನ ಭಾವನ ಕೈಸೇರಿದವು. ಎಲ್ಲಿಟ್ಟರು ಎಂದು ಕೇಳುತ್ತೀರಾ? ಅಮ್ಮನ ಮಂಚದ ಕೆಳಗೆ.

ಆಪರೇಷನ್ ಸಲೀಸಾಗಿ ಆಯಿತು. ಅಮ್ಮ ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದು ಮಲಗಿದಳು. ತಲೆಯ ಪಕ್ಕ ನಶ್ಯದ ಉಗ್ರಾಣ, ಬೆನ್ನ ಕೆಳಗೆ ಶಸ್ತ್ರಾಗಾರ. ಭಾವ ಕ್ಷೌರದ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತು, "ನೋಡಿದ್ಯಾ? ಎರಡಕ್ಕೂ ಒಂದೇ ಮದ್ದು" ಎಂದು ಬಂದರು. ಅವರು ಹೋದ ಮೇಲೆ ಕ್ಷೌರಿಕ ನನ್ನನ್ನು ಕೇಳಿದ: "ಸಾಹೇಬ್ರ ಮೀಸೆಗೆ ಬಣ್ಣ ಹಾಕಿದ್ದು ಯಾರು? ನಾನಲ್ಲ!" ನನಗೆ ಕೆಮ್ಮು ಬಂತು.

ಕಥೆ ಕೆಟ್ಟದ್ದು ಮರುದಿನ ಮಧ್ಯಾಹ್ನ. ಅದೇ ಕ್ಷೌರದ ಅಂಗಡಿಯಲ್ಲಿ ಸುಬೇದಾರರೂ ಕಾಂಟ್ರಾಕ್ಟರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಗೆದ್ದವನಿಗೆ ಸೋತವನ ಮೇಲೆ ಕರುಣೆ ಉಕ್ಕುವುದು ಸಹಜ. ಇಲ್ಲಿ ಇಬ್ಬರೂ ಗೆದ್ದವರು.

"ಬೇಜಾರು ಮಾಡ್ಕೋಬೇಡಿ," ಎಂದರು ಸುಬೇದಾರರು. "ಹೆದರೋದು ತಪ್ಪಲ್ಲ. ನೀವು ಮೊದಲು ಕೊಟ್ಟಿದ್ದು ಒಳ್ಳೇದೇ ಆಯ್ತು."

"ನಾನಾ?" ಎಂದರು ಕಾಂಟ್ರಾಕ್ಟರು. "ವಯಸ್ಸಾಯ್ತು ಅಂತ ಮೊದಲು ಕೊಟ್ಟಿದ್ದು ನೀವಲ್ವಾ?"

ಕತ್ತರಿ ನಿಂತಿತು. ಕನ್ನಡಿಯೊಳಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನ ಅಂಗಡಿಯ ಮುಂದೆ ಸಾಗಿದ ಮೆರವಣಿಗೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಂದೆ ನೊರೆ ಮುಖದ ಸುಬೇದಾರರು, ಹಿಂದೆ ಅರ್ಧ ಕೂದಲು ಕತ್ತರಿಸಿಕೊಂಡ ಕಾಂಟ್ರಾಕ್ಟರು, ಅವರ ಹಿಂದೆ "ನನ್ನ ಬಟ್ಟೆ ಕೊಟ್ಟು ಹೋಗ್ರೀ" ಎಂದು ಕ್ಷೌರಿಕ. ಗಲಾಟೆ ಕೇಳಿ ಮೇಲಿನಿಂದ ಮ್ಯಾನೇಜರೂ ಟೀಚರೂ ಇಳಿದರು. ಬಂದೂಕು ವಾಪಸ್ ಸಿಗುವುದಾದರೆ ಡಬ್ಬಿ ಯಾಕೆ ಸಿಗಬಾರದು ಎಂಬುದು ಅವರ ನ್ಯಾಯ. ಏನನ್ನು ಎಲ್ಲಿಟ್ಟಿದ್ದಾರೆ ಎಂಬುದು ಭಾವನ ಬಾಯಿಂದಲೇ ಎಲ್ಲರಿಗೂ ಗೊತ್ತಾಗಿತ್ತು. ನಾನೂ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿದೆ.

"ಶ್! ಅಮ್ಮ ಮಲಗಿದ್ದಾಳೆ!" ಎಂದು ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. ಆದರೆ ಮೆರವಣಿಗೆ ಆಗಲೇ ಕೋಣೆಯೊಳಗೆ ಇತ್ತು.

"ಸದರಿ ವಸ್ತುಗಳು ಸಂಘದ ವಶದಲ್ಲಿ—" ಎಂದು ಭಾವ ಬಾಯಿ ತೆರೆದರು. ಸುಬೇದಾರರು ಮಂಚದ ಕೆಳಗೆ ಬಗ್ಗಿ ತಮ್ಮ ಬಂದೂಕು ಎಳೆದರು. ಅವರು ಎಳೆದದ್ದು ನೋಡಿ ಕಾಂಟ್ರಾಕ್ಟರೂ ಎಳೆದರು. ಭಾವ ಎರಡನ್ನೂ ಹಿಡಿದುಕೊಂಡರು. ಅದೇ ಹೊತ್ತಿಗೆ ದಿಂಬಿನ ಕೆಳಗಿನ ಕೀಲಿ ತೆಗೆದು ಮ್ಯಾನೇಜರು ಬೀರು ತೆರೆದರು. ಬಂದೂಕಿನ ಹಿಡಿ ಬೀರುವಿನ ಮೇಲಿನ ಹಲಗೆಗೆ ತಾಗಿತು. ಹಲಗೆ ಜಾರಿತು. ಇಡೀ ಕಟ್ಟಡದಿಂದ ವಶಪಡಿಸಿಕೊಂಡ ನಶ್ಯದ ಡಬ್ಬಿಗಳು ಒಂದರ ಮೇಲೊಂದು ನೆಲಕ್ಕೆ ಬಿದ್ದು ಬಾಯಿ ಬಿಟ್ಟವು.

ಕೋಣೆ ಕಂದು ಬಣ್ಣಕ್ಕೆ ತಿರುಗಿತು. ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿದರು. ಆಮೇಲೆ ಶುರುವಾಯಿತು. ಮೊದಲು ಸುಬೇದಾರರು ಸೀನಿದರು, ಗೋಡೆಯ ಗಡಿಯಾರ ವಾಲಿತು. ಕಾಂಟ್ರಾಕ್ಟರದು ಲಾರಿ ಬ್ರೇಕು ಹಾಕಿದ ಸದ್ದು. ಟೀಚರು ಶ್ರುತಿ ತಪ್ಪದೆ ಸೀನಿದರು, ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ. ಭಾವ "ಮೇಲ್ಕಂ— ಆಕ್ಷೀ! ಮೇಲ್ಕಂ— ಆಕ್ಷೀ!" ಎಂದು ಎಷ್ಟು ಹೆಣಗಿದರೂ ಆ ಪದ ಪೂರ್ತಿ ಮಾಡಲಾಗಲಿಲ್ಲ. ಇನ್ನೊಂದು ಸೀನಿನ ರಭಸಕ್ಕೆ ಸುಬೇದಾರರ ಬೆರಳು ಬಂದೂಕಿನ ಕುದುರೆಯನ್ನು ಒತ್ತಿಬಿಟ್ಟಿತು. ಬಂದೂಕಿನ ಬಾಯಿ ಚಾವಣಿಯ ಕಡೆಗಿತ್ತು. "ಅಯ್ಯೋ!" ಎಂದು ಎಲ್ಲರೂ ಕಿವಿ ಮುಚ್ಚಿಕೊಂಡರು.

ಟಿಕ್.

ಅಷ್ಟೆ. ಕಾಂಟ್ರಾಕ್ಟರೂ ಗಾಬರಿಯಲ್ಲಿ ತಮ್ಮದನ್ನು ಒತ್ತಿದರು. ಅದು ನಿಟ್ಟುಸಿರು ಬಿಟ್ಟಿತು.

"ನಿಮ್ದು... ಹಾರಲ್ವಾ?" ಎಂದರು ಕಾಂಟ್ರಾಕ್ಟರು, ಕಣ್ಣೀರು ಸುರಿಸುತ್ತಾ.

"ಸ್ಪ್ರ— ಆಕ್ಷೀ! ಸ್ಪ್ರಿಂಗು ಹೋಗಿ ಯಾವ ಕಾಲ ಆಯ್ತೋ. ನಿಮ್ದು?"

"ನಾನು ಗುಂಡೇ ತಂದಿಲ್ಲ. ನಿಮಗೆ ತೋರಿಸೋಕೆ ಅಂತ ಇಟ್ಟಿದ್ದೆ."

ಈ ಹಾಳು ಬಂದೂಕುಗಳ ಮಾತು ಯಾರಿಗೆ ಬೇಕಿತ್ತು ಆಗ! ನನ್ನ ಜೀವವೆಲ್ಲ ಮಂಚದ ಮೇಲಿತ್ತು. ಅಕ್ಕ ಅಳುತ್ತಾ, ಸೀನುತ್ತಾ, ಅಮ್ಮನ ಮೇಲೆ ಬಿದ್ದು ಎರಡು ಕೈಯಿಂದ ಅಮ್ಮನ ಮೂಗು ಹಿಡಿದುಕೊಂಡಿದ್ದಳು. "ಸೀನಬೇಡಮ್ಮಾ! ಕೈ ಮುಗೀತೀನಿ, ಸೀನಬೇಡ! ಇರೋದು ಒಂದೇ ಕಣ್ಣಮ್ಮಾ!"

"ಬಿಡೇ, ಉಸಿರು ಕಟ್ಟಿ ಸಾಯ್ತೀನಿ!" ಎಂದು ಅಮ್ಮ ಅವಳ ಕೈ ಕಿತ್ತು ಎಸೆದಳು. ಆಮೇಲೆ ಆ ಕಂದು ಮೋಡದ ನಡುವೆ ಮಲಗಿಕೊಂಡೇ ದೀರ್ಘವಾಗಿ, ನಿಧಾನವಾಗಿ ಉಸಿರೆಳೆದಳು. ನಾವೆಲ್ಲ ಬಾಯಿ ತೆರೆದು ಕಾದೆವು. ಏನೂ ಆಗಲಿಲ್ಲ.

"ಮ್ಯಾನೇಜರದು ಇದ್ರಲ್ಲಿ ಯಾವುದು? ಘಾಟೇ ಇಲ್ಲ," ಎಂದಳು ಅಮ್ಮ. "ಏನ್ ಹಂಗೆ ಉಸಿರು ಹಿಡ್ಕೊಂಡಿದ್ದೀರಾ? ನಾನು ಸೀನಿ ಎಷ್ಟು ವರ್ಷ ಆಯ್ತು ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳಿದ್ರಾ? ಸೀನೋದು ಹೊಸಬ್ರು ಕಣ್ರೋ. ಹಳೇ ಮೂಗಿಗೆ ಅದೆಲ್ಲ ಲೆಕ್ಕಕ್ಕಿಲ್ಲ."

"ಕೀಲಿ ನಿನ್ನ ದಿಂಬಿನ ಕೆಳಗೇ ಇತ್ತಲ್ಲಮ್ಮ," ಎಂದೆ ನಾನು. "ನೀನು ಒಂದು ಚಿಟಿಕೆನಾದ್ರೂ..."

"ಮುಟ್ಲಿಲ್ಲ." ಅಮ್ಮನ ದನಿ ಸಣ್ಣದಾಯಿತು. "ಅಳಿಯಂದ್ರ ಆಜ್ಞೆಗೆ ಹೆದರಿ ಅಲ್ಲಪ್ಪ. ನಂಗೆ ನಿಮ್ಮ ಮುಖಗಳು ಇನ್ನೊಂದ್ಸಲ ನೋಡ್ಬೇಕು ಅಂತ ಆಸೆ ಇತ್ತು, ಅದಕ್ಕೆ." ಪಟ್ಟಿಯ ಕಡೆ ಕೈ ಎತ್ತಿ, "ಆದ್ರೆ ಈಗ ಕಣ್ಣೊಳಗೆ ಏನೋ ಚುಚ್ಚಿದ ಹಾಗಾಗ್ತಿದೆ ಕಣೋ" ಎಂದಳು.

ಕೋಣೆಯಲ್ಲಿ ಸೀನುಗಳು ಕೂಡ ನಿಂತುಹೋದವು. ಡಾಕ್ಟರಿಗೆ ಫೋನು ಮಾಡಿದರೆ, ಕಣ್ಣು ಉಜ್ಜಿಕೊಳ್ಳಲು ಬಿಡಬೇಡಿ, ಬೆಳಿಗ್ಗೆ ಮೊದಲು ಕರೆದುಕೊಂಡು ಬನ್ನಿ ಎಂದರು. ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೋದರು. ಒಂದು ವಿಶೇಷ ಹೇಳಬೇಕು. ಮ್ಯಾನೇಜರೂ ಟೀಚರೂ ಅಷ್ಟು ದುಃಖದಲ್ಲೂ ನೆಲದಿಂದ ಒಂದೊಂದು ಡಬ್ಬಿ ಎತ್ತಿಕೊಂಡೇ ಹೋದರು. ಬಂದೂಕುಗಳನ್ನು ಮಾತ್ರ ಸುಬೇದಾರರೂ ಕಾಂಟ್ರಾಕ್ಟರೂ ಬಿಟ್ಟು ಹೋದರು. ಕರೆದು ಕೊಟ್ಟರೂ, "ಅವ್ರದ್ದೇ ಹಾರಲ್ಲ ಅಂದ್ಮೇಲೆ ನಂಗ್ಯಾಕೆ?" ಎಂದರು ಒಬ್ಬರಂತೆ ಇನ್ನೊಬ್ಬರು.

ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. "ಅತ್ತೆ ಕಣ್ಣು ಹೋದ್ರೆ ಅದಕ್ಕೆ ನಾನೇ ಕಾರಣ ಕಣಯ್ಯ," ಎಂದರು. ಅದರಲ್ಲಿ ಒಂದು 'ಸದರಿ' ಇರಲಿಲ್ಲ, ಒಂದು 'ಮೇಲ್ಕಂಡ' ಇರಲಿಲ್ಲ. ನನಗೆ ಅವರನ್ನು ಬೈಯಬೇಕು ಅಂತಿತ್ತು. ಅಷ್ಟರಲ್ಲಿ ಅವರೇ ಎದ್ದು ಗೋಡೆಯ ಮೇಲಿನ ಆಜ್ಞೆಯನ್ನು ಉಗುರಿನಿಂದ ಕೆರೆದು ತೆಗೆದರು.

ಬೆಳಿಗ್ಗೆ ಭಾವ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಅಮ್ಮನನ್ನು ತಾವೇ ತೋಳು ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಅಕ್ಕನೂ ಹಿಂದೆಯೇ ಹೋದೆವು. ಅಕ್ಕ ಅವರ ಜೊತೆ ಮಾತು ಬಿಟ್ಟಿದ್ದಳು. ಡಾಕ್ಟರು ಕಾಯಿಸುವಷ್ಟು ಹೊತ್ತೂ ಭಾವ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು, ಎರಡು ಮೂರು ಸಲ ಮೂಲೆಯ ಕಡೆಗೂ ಹೋಗಿ ಬಂದರು.

ಒಳಗೆ ಡಾಕ್ಟರು ಅಮ್ಮನನ್ನು ಮಂಚದ ಮೇಲೆ ಒರಗಿಸಿ ನಿಧಾನವಾಗಿ ಪಟ್ಟಿ ಬಿಚ್ಚಿದರು. ದೀಪ ಹಿಡಿದು, ಬಗ್ಗಿ, ಬಹಳ ಹೊತ್ತು ನೋಡಿದರು. "ಒಂದು ರೆಪ್ಪೆಗೂದಲು ಒಳಗೆ ಸೇರ್ಕೊಂಡಿತ್ತು, ಅದೇ ಚುಚ್ಚಿದ್ದು," ಎಂದು ತೆಗೆದರು. "ಈಗ ಕಣ್ಣು ಬಿಡಿ ಅಜ್ಜಿ. ಅವಸರ ಬೇಡ. ಏನಾದ್ರೂ ಕಾಣುತ್ತಾ?"

ಅಮ್ಮ ಕಣ್ಣು ಬಿಟ್ಟಳು. ಗೋಡೆಯ ಮೇಲಿನ ದೊಡ್ಡ ಅಕ್ಷರಗಳ ಕಡೆ ನೋಡಲಿಲ್ಲ. ಅಕ್ಕನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ಮಂಚದ ಪಕ್ಕ ಕೈ ಕಟ್ಟಿ ನಿಂತ ಭಾವನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಭಾವ ಬಿಳಿಚಿಕೊಂಡರು.

"ಹೇಳಿ ಅಜ್ಜಿ, ಏನು ಕಾಣ್ತಿದೆ?"

"ಅಳಿಯಂದ್ರು ಕಾಣ್ತಿದ್ದಾರೆ."

"ಸ್ಪಷ್ಟವಾಗಿ?"

"ಮೀಸೆ ಕಾಣ್ತಿದೆ. ಮೀಸೆ ಕೆಳಗೆ, ಬಲಗಡೆ ಹೊಳ್ಳೆ ಅಂಚಲ್ಲಿ, ನಶ್ಯ ಕಾಣ್ತಿದೆ. ಈಗ ತಾನೇ ಏರಿಸಿರೋದು. ಒಳ್ಳೇ ಸರಕು."

ಅಕ್ಕ ಗಂಡನ ಕಡೆ ತಿರುಗಿದಳು. ಆ ನೋಟಕ್ಕೆ ನಾನಾಗಿದ್ದರೆ ಕಿಟಕಿಯಿಂದ ಹಾರುತ್ತಿದ್ದೆ. ಆದರೆ ನಮ್ಮ ಭಾವನನ್ನು ನೋಡಬೇಕಿತ್ತು! ಅವರು ಅಕ್ಕನನ್ನು ನೋಡಲೇ ಇಲ್ಲ. "ಕಾಣ್ತಿದೆಯಂತೆ!" ಎಂದು ಕಿರುಚಿದರು. "ಹೊಳ್ಳೆ ಅಂಚಲ್ಲಿರೋದು ಕೂಡ ಕಾಣ್ತಿದೆಯಂತೆ ಕಣೇ! ಅತ್ತೆಗೆ ಕಣ್ಣು ಬಂತು!" ಎಂದು ಅಳುತ್ತಾ, ನಗುತ್ತಾ, ಡಾಕ್ಟರನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟರು. ಎತ್ತಿದ ರಭಸಕ್ಕೆ ನಾನು ಹೊಲಿದ ಒಳಜೇಬು ಹರಿದು, ಡಬ್ಬಿ ಮುಚ್ಚಳ ಕಳಚಿ, ಒಳಗಿದ್ದದ್ದೆಲ್ಲ ಡಾಕ್ಟರ ಮುಖದ ಕಡೆ ಹಾರಿತು. ಅಕ್ಕ ಮಾತು ಬಿಟ್ಟಿದ್ದನ್ನು ಮರೆತು ನಗಲು ಶುರುಮಾಡಿದಳು. ನನಗೂ ಕಣ್ಣು ಮಂಜಾಯಿತು. ನಶ್ಯದಿಂದಲೇ ಎಂದು ನಾನು ಹೇಳುವುದಿಲ್ಲ.

ಡಾಕ್ಟರು ಸೀನಿದರು. ಮತ್ತೆ ಸೀನಿದರು. ಗೋಡೆ ಹಿಡಿದುಕೊಂಡು ಇನ್ನೂ ಸೀನಿದರು.

ಅಮ್ಮ ದಿಂಬಿಗೆ ಒರಗಿ, ಹೊಸ ಕಣ್ಣಿನಿಂದ ಅವರನ್ನೇ ತೃಪ್ತಿಯಾಗಿ ನೋಡುತ್ತಾ ಹೇಳಿದಳು: "ನೂರು ವರ್ಷ ಬಾಳಿ ಡಾಕ್ಟ್ರೇ. ಹೊಸಬ್ರಲ್ವಾ, ಮೊದಮೊದಲು ಹಾಗೇ ಆಗುತ್ತೆ."